ದುಗ್ಗಳೆಯ ಸಾಕ್ಷ್ಯ: ಶರಣರ ಚಾರಿತ್ರಿಕತೆ ಹಾಗೂ ಬಂಧುಗಳ ಪ್ರಶ್ನೆ

ಜೇಡರ ದಾಸಿಮಯ್ಯನ ಪತ್ನಿ ದುಗ್ಗಳೆಯ ಹೆಸರಿನಲ್ಲಿ ಇಂದು ಉಪಲಬ್ಧವಿರುವ ವಚನಗಳು ಕೇವಲ ಎರಡು. ಎರಡರ ಅಂಕಿತವೂ 'ದಾಸಯ್ಯಪ್ರಿಯ ರಾಮನಾಥ'. ಒಂದು ವಚನದಲ್ಲಿ ಆಕೆ ತಾನು ಯಾರಿಂದ ಯಾವ ಪ್ರಸಾದಕ್ಕೆ ಪಾತ್ರಳಾದೆನೆಂಬುದನ್ನು ಹೇಳುತ್ತ ಬಸವಣ್ಣ, ಚೆನ್ನಬಸವಣ್ಣ, ಪ್ರಭುದೇವ, ಮರುಳಶಂಕರದೇವ ಎಂಬ ನಾಲ್ವರನ್ನು ಹೆಸರಿಸುತ್ತಾಳೆ. ಇನ್ನೊಂದರಲ್ಲಿ ಭಕ್ತ, ಜಂಗಮ, ಯೋಗಿ, ಭೋಗಿ, ಐಕ್ಯರು ಹೇಗಿರಬೇಕೆಂಬುದಕ್ಕೆ ಬಸವಣ್ಣ, ಪ್ರಭುದೇವ, ಸಿದ್ಧರಾಮ, ಚೆನ್ನಬಸವಣ್ಣ, ಅಜಗಣ್ಣರನ್ನು ಮಾದರಿಯಾಗಿ ಮುಂದಿಡುತ್ತಾಳೆ. ಅಂದರೆ ಆಕೆಯದೆಂದು ಉಳಿದು ಬಂದಿರುವ ಸಾಹಿತ್ಯವೆಲ್ಲವೂ ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಿಂದ ತುಂಬಿದೆ. ಆದರೆ ಆಕೆಯ ಪತಿಯನ್ನು ಕುರಿತು ಬರೆಯುವಾಗ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಬಹಳಷ್ಟು ಅವನನ್ನು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ನಿಲ್ಲಿಸುತ್ತವೆ. ಪತಿ ಮತ್ತು ಪತ್ನಿಯರ ನಡುವೆ ನೂರು ವರ್ಷಕ್ಕೂ ಮಿಕ್ಕಿದ ಅಂತರ ಬೀಳುತ್ತದೆ. ಒಂದೇ ಪುಟದಲ್ಲಿ 'ಆದ್ಯ ವಚನಕಾರ' ಎಂದೂ 'ಇವನ ಪತ್ನಿ ದುಗ್ಗಳೆಯೂ ವಚನಕಾರ್ತಿ' ಎಂದೂ ಬರೆದು ಮುಂದೆ ಸಾಗುವ ಪಠ್ಯಗಳಿಗೆ ಈ ಅಂತರ ತೊಡಕಾಗಿ ಕಂಡಂತಿಲ್ಲ.

ಕೃಷ್ಣೆ ಮತ್ತು ಭೀಮೆಯರ ನಡುವಿನ ವಡಗೇರಾ, ಶಹಾಪುರ, ಸುರಪುರ ಸೀಮೆಗೆ ಈ ತೊಡಕು ಮನೆಯೊಳಗಿನದು. ದಾಸಿಮಯ್ಯನ ಊರೆಂದು ಪರಂಪರೆ ಹೇಳುವ ಮುದನೂರು ಸುರಪುರ ಸೀಮೆಯಲ್ಲಿದೆ. ಅವನ ಅಂಕಿತದ ರಾಮನಾಥನ ಗುಡಿಯೂ ಅಲ್ಲಿಯೇ ಇದೆ. ಇದೇ ಭೀಮಾತೀರದಲ್ಲಿ ಮೇಲಕ್ಕೆ, ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, 'ರಾಯ ಅಸೋಕೋ' ಎಂಬ ಬರಹವುಳ್ಳ ಶಿಲ್ಪ ದೊರೆತು, ಮೌರ್ಯ ದೊರೆಯೊಬ್ಬನು ಹೆಸರು ಮತ್ತು ಪರಿವಾರ ಸಮೇತ ಕಲ್ಲಿನಲ್ಲಿ ಕಾಣಿಸಿಕೊಂಡ. ದೊರೆಗಳಿಗೆ ಸಿಕ್ಕುವ ಈ ಭಾಗ್ಯ ನೇಕಾರನಿಗೆ ಸಿಕ್ಕುವುದು ಅಪರೂಪ. ಮಗ್ಗದವನ ಚಾರಿತ್ರಿಕತೆಯನ್ನು ಅವನ ಮಾತು, ಅವನನ್ನು ನೆನೆದವರ ಮಾತು ಮತ್ತು ಅವನ ಮನೆಯವರ ಮಾತು, ಈ ಮೂರರಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ. ಮೊದಲ ಎರಡನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಮೂರನೆಯದನ್ನು ಸಾಕ್ಷ್ಯವೆಂದು ಪರಿಗಣಿಸುವ ರೂಢಿ ಕನ್ನಡ ಸಂಶೋಧನೆಯಲ್ಲಿ ಇನ್ನೂ ಗಟ್ಟಿಯಾಗಿಲ್ಲ ಎಂಬುದು ಪ್ರಸ್ತುತ ಲೇಖನದ ಆಕ್ಷೇಪ.

ದಾಸಿಮಯ್ಯನ ಪ್ರಶ್ನೆಯ ಸ್ವರೂಪ ಸಂಶೋಧಕರಿಗೆ ತಿಳಿದದ್ದೇ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಎಂಬ ಎರಡು ಹೆಸರುಗಳಿವೆ. ಶಂಕರ ದಾಸಿಮಯ್ಯ ಎಂಬ ಮೂರನೆಯ ಹೆಸರೂ ಇದೆ. ಶಂಕರ ದಾಸಿಮಯ್ಯನು ಬೇರೆಯವನೆಂಬುದರಲ್ಲಿ ವಿವಾದವಿಲ್ಲ, ಹರಿಹರನು ಅವನಿಗೆ ಪ್ರತ್ಯೇಕ ರಗಳೆಯನ್ನೇ ಮೀಸಲಿಟ್ಟಿದ್ದಾನೆ. ವಿವಾದವಿರುವುದು ಉಳಿದಿಬ್ಬರ ಬಗೆಗೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ರಾಣಿ ಸುಗ್ಗಲೆಗೆ ದೀಕ್ಷೆ ಕೊಟ್ಟು, ಪೊಟ್ಟಲಕೆರೆಯಲ್ಲಿ ಜೈನರೊಡನೆ ವಾದಿಸಿ ಗೆದ್ದವನು ದೇವರ ದಾಸಿಮಯ್ಯನೆಂಬುದು ಶೈವ ಪುರಾಣಗಳ ಕಥನ. ಜಯಸಿಂಹನ ಆಳಿಕೆ ಕ್ರಿ.ಶ. 1015ರಿಂದ 1042ರವರೆಗಿನದು, ಸುಗ್ಗಲದೇವಿ ಎಂಬ ರಾಣಿ ಅವನಿಗಿದ್ದುದು ಶಾಸನಗಳಿಂದ ಸಿದ್ಧ. ವಚನಕಾರ ಜೇಡರ ದಾಸಿಮಯ್ಯನು ಈ ರಾಜಗುರುವೇ ಆಗಿದ್ದ ಪಕ್ಷದಲ್ಲಿ ವಚನ ಸಾಹಿತ್ಯದ ಉಗಮ ಬಸವಣ್ಣನಿಗಿಂತ ಒಂದು ಶತಮಾನ ಹಿಂದಕ್ಕೆ ಹೋಗುತ್ತದೆ. ಇಬ್ಬರೂ ಬೇರೆ ಎನ್ನುವುದಾದರೆ ಜೇಡರ ದಾಸಿಮಯ್ಯನು ಬಸವಣ್ಣನ ಹಿರಿಯ ಸಮಕಾಲೀನನೋ ಸ್ವಲ್ಪ ಹಿಂದಿನವನೋ ಆಗಿ ಹನ್ನೆರಡನೆಯ ಶತಮಾನಕ್ಕೆ ಇಳಿಯುತ್ತಾನೆ. ಸಾಹಿತ್ಯ ಪ್ರಕಾರವೊಂದರ ವಯಸ್ಸು ಈ ಒಂದು ತೀರ್ಮಾನದ ಮೇಲೆ ನಿಂತಿದೆ. ಸಾಮುದಾಯಿಕ ಅಭಿಮಾನವೂ ಇದರೊಂದಿಗೆ ಬೆಸೆದುಕೊಂಡಿದೆ. ಸರ್ಕಾರದ ಜಯಂತಿ 'ದೇವರ ದಾಸಿಮಯ್ಯ'ನ ಹೆಸರಿನಲ್ಲಿ ನಡೆಯುತ್ತದೆ, ಅಂದು ಉಲ್ಲೇಖಗೊಳ್ಳುವ ವಚನಗಳು ಜೇಡರ ದಾಸಿಮಯ್ಯನವು.

ಇಬ್ಬರೂ ಒಬ್ಬನೇ ಎನ್ನುವವರ ಮುಖ್ಯ ಆಧಾರಗಳು ಎರಡು. ಬಸವಣ್ಣನು ದಾಸಿಮಯ್ಯನನ್ನು ನೆನೆಯುವಾಗ, ಅವನು ಶಿವನಿಗೆ ವಸ್ತ್ರವನ್ನಿತ್ತು ತವನಿಧಿ ಪಡೆದ ಕಥೆ ಆಗಲೇ ಪ್ರಸಿದ್ಧವಾಗಿತ್ತು. ಬದುಕಿರುವವನ ಸುತ್ತ ಇಂಥ ಐತಿಹ್ಯ ಬೆಳೆಯಲಾರದು ಎಂಬುದು ಒಂದು ವಾದ. ದಾಸಿಮಯ್ಯನ ವಚನಗಳಲ್ಲಿ ಕಲ್ಯಾಣದ ಶರಣರ ಪ್ರಸ್ತಾಪ ಕಾಣದಿರುವುದು ಎರಡನೆಯದು. ಮೊದಲನೆಯದಕ್ಕೆ ಒಂದಿಷ್ಟು ತೂಕವಿದೆ. ಎರಡನೆಯದು ಮೌನದಿಂದ ತೆಗೆದ ವಾದ. ಅದರ ಮಿತಿ ಎಲ್ಲರಿಗೂ ತಿಳಿದದ್ದು. ವಿಚಿತ್ರವೆಂದರೆ, ಗಂಡನ ಮೌನಕ್ಕೆ ಇಷ್ಟು ಬೆಲೆ ಕೊಡುವ ವಾದವು ಹೆಂಡತಿಯ ಮಾತಿಗೆ ಯಾವ ಬೆಲೆಯನ್ನೂ ಕೊಡುವುದಿಲ್ಲ. ಮರಳು ಬೆರೆಸಿದ ಅಕ್ಕಿಯಿಂದ ಪಾಯಸ ಮಾಡಿ, ಕಬ್ಬನ್ನೇ ಉರುವಲಾಗಿಸಿ, ದಾಸಿಮಯ್ಯನ ಪರೀಕ್ಷೆಯಲ್ಲಿ ಗೆದ್ದ ವಧುವಾಗಿ ದುಗ್ಗಳೆ ಎಲ್ಲ ಜೀವನಚರಿತ್ರೆಗಳಲ್ಲಿಯೂ ಬರುತ್ತಾಳೆ. ಪುರಾಣ ಹೇಳುವ ಪಾಯಸ ಸ್ವೀಕಾರಾರ್ಹ, ಆಕೆಯೇ ಹೇಳಿದಳೆನ್ನಲಾದ ವಚನ ಮಾತ್ರ ಕಾಲನಿರ್ಣಯಕ್ಕೆ ಬೇಡ. ಇದು ಆಕರಗಳನ್ನು ತೂಗುವ ಕ್ರಮವಲ್ಲ, ಆಯ್ದುಕೊಳ್ಳುವ ಕ್ರಮ.

ತರ್ಕದ ದೃಷ್ಟಿಯಿಂದ ಇಲ್ಲಿ ಉಳಿಯುವ ದಾರಿಗಳು ಮೂರೇ. ದುಗ್ಗಳೆ ದಾಸಿಮಯ್ಯನ ಪತ್ನಿಯಾಗಿದ್ದು ವಚನಗಳು ಆಕೆಯವೇ ಆಗಿದ್ದರೆ, ದಾಸಿಮಯ್ಯನು ಹನ್ನೆರಡನೆಯ ಶತಮಾನದವನು, ಸುಗ್ಗಲೆಯ ಗುರುವಲ್ಲ. ವಚನಗಳು ಆಕೆಯವಲ್ಲವಾದರೆ ಆಕೆಯನ್ನು ವಚನಕಾರ್ತಿಯರ ಪಟ್ಟಿಯಿಂದ ತೆಗೆಯಬೇಕು. ವಚನಗಳು ದುಗ್ಗಳೆ ಎಂಬವಳವೇ ಆಗಿದ್ದು ಆಕೆ ದಾಸಿಮಯ್ಯನ ಪತ್ನಿಯಲ್ಲದಿದ್ದರೆ, ಅವರ ದಾಂಪತ್ಯವನ್ನು ಕುರಿತ ಐತಿಹ್ಯವನ್ನೆಲ್ಲ ಮರುಪರಿಶೀಲಿಸಬೇಕು. ಈ ಮೂರರಲ್ಲಿ ಯಾವುದನ್ನಾದರೂ ಒಪ್ಪಬಹುದು. ಮೂರರ ಅನುಕೂಲಗಳನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಸಾಧ್ಯವಿಲ್ಲ.

ಧರ್ಮ ಪರಂಪರೆಯೊಂದರ ಆದ್ಯ ವ್ಯಕ್ತಿಯ ಚಾರಿತ್ರಿಕತೆ ಅವನ ಬಂಧುಗಳ ಸಾಕ್ಷ್ಯದ ಮೇಲೆ ಬಂದು ನಿಂತಿರುವ ಅತ್ಯಂತ ವಿಸ್ತೃತ ಚರ್ಚೆ ಆದಿ ಕ್ರೈಸ್ತ ಬರಹಗಳನ್ನು ಕುರಿತದ್ದು. ಯೇಸು ಎಂಬ ವ್ಯಕ್ತಿ ಇದ್ದನೇ, ಅಥವಾ ಪುರಾಣಕಲ್ಪನೆಯೊಂದಕ್ಕೆ ಕಾಲಾನಂತರ ಚರಿತ್ರೆಯ ಉಡುಗೆ ತೊಡಿಸಲಾಯಿತೇ ಎಂಬ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಬ್ರೂನೋ ಬೌವರ್, ಅನಂತರ 1909ರಲ್ಲಿ ಆರ್ಥರ್ ಡ್ರೂಸ್ ಎತ್ತಿದರು. ಇಂದು ಈ ಕ್ಷೇತ್ರದ ವಿದ್ವಾಂಸರಲ್ಲಿ ಬಹುತೇಕರು, ಯಾವ ಧರ್ಮಶ್ರದ್ಧೆಯೂ ಇಲ್ಲದವರು ಸಹ, ಯೇಸುವಿನ ಅಸ್ತಿತ್ವವನ್ನು ಒಪ್ಪುತ್ತಾರೆ. ಪವಾಡಗಳ ವರ್ಣನೆ ಅವರ ನೆರವಿಗೆ ಬರುವುದಿಲ್ಲ. ಬರುವುದು ಹಾದಿಯಲ್ಲಿ ಹೇಳಿಹೋದ ಒಂದೆರಡು ಸಣ್ಣ ಮಾತುಗಳು. ಕ್ರಿ.ಶ. 50ರ ದಶಕದ ಸುಮಾರಿಗೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ತಾನು ಜೆರೂಸಲೇಮಿಗೆ ಹೋಗಿ ಪೇತ್ರನನ್ನು ಕಂಡ ಸಂಗತಿಯನ್ನು ತಿಳಿಸುತ್ತ, ಕರ್ತನ ಸೋದರನಾದ ಯಾಕೋಬನನ್ನು ಬಿಟ್ಟು ಅಪೊಸ್ತಲರಲ್ಲಿ ಬೇರೆ ಯಾರನ್ನೂ ಕಾಣಲಿಲ್ಲವೆಂದು ಹೇಳುತ್ತಾನೆ. ಯಾಕೋಬನ ಬಳಗಕ್ಕೂ ಪೌಲನಿಗೂ ಒಳಗೊಳಗೇ ತಿಕ್ಕಾಟವಿತ್ತೆಂಬುದು ಅದೇ ಪತ್ರದ ಮುಂದಿನ ಭಾಗದಿಂದ ಸ್ಪಷ್ಟ. ಎದುರಾಳಿಯ ದೊಡ್ಡಸ್ತಿಕೆಯನ್ನು ಹೆಚ್ಚಿಸುವ ಸಂಬಂಧವನ್ನು ಪೌಲನು ತಾನಾಗಿ ಸೃಷ್ಟಿಸಬೇಕಾದ ಅಗತ್ಯವಿರಲಿಲ್ಲ.

ಮಾರ್ಕನ ಸುವಾರ್ತೆ ಯಾಕೋಬ, ಯೋಸೆ, ಯೂದ, ಸೀಮೋನ ಎಂಬ ನಾಲ್ವರು ಸೋದರರನ್ನು ಹೆಸರಿಸುತ್ತದೆ, ಸೋದರಿಯರಿದ್ದುದನ್ನು ಹೆಸರಿಲ್ಲದೆ ಹೇಳುತ್ತದೆ. ಮನೆಯವರೇ ಯೇಸುವಿಗೆ ಬುದ್ಧಿಭ್ರಮೆಯಾಗಿದೆಯೆಂದು ಹಿಡಿದು ತರಲು ಹೊರಟರೆಂಬುದನ್ನೂ ಅದು ಮುಚ್ಚಿಡುವುದಿಲ್ಲ. ಸೋದರರು ಅವನನ್ನು ನಂಬಲಿಲ್ಲವೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆರಾಧ್ಯ ವ್ಯಕ್ತಿಯನ್ನು ಹೊಸದಾಗಿ ಕಲ್ಪಿಸುವವರು ಅವನಿಗೆ ಇಂಥ ಮನೆಯನ್ನು ಕಟ್ಟಿಕೊಡುತ್ತಿರಲಿಲ್ಲ. ಇನ್ನು ಪಂಥದ ಹೊರಗಿನ ಸಾಕ್ಷಿಯೆಂದರೆ ಯೆಹೂದಿ ಇತಿಹಾಸಕಾರ ಜೋಸೆಫಸ್. ಕ್ರಿ.ಶ. 93ರ ಸುಮಾರಿನ ಅವನ ಗ್ರಂಥದಲ್ಲಿ ಎರಡು ಉಲ್ಲೇಖಗಳಿವೆ. ಯೇಸುವನ್ನು ನೇರವಾಗಿ ವರ್ಣಿಸುವ ಭಾಗದಲ್ಲಿ ಮುಂದಿನ ಕ್ರೈಸ್ತ ಲಿಪಿಕಾರರ ಕೈವಾಡವಿದೆಯೆಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಕ್ರಿ.ಶ. 62ರಲ್ಲಿ ಮಹಾಯಾಜಕ ಅನಾನಸನು ಯಾಕೋಬನನ್ನು ಕೊಲ್ಲಿಸಿದ ಪ್ರಸಂಗದಲ್ಲಿ ಅವನನ್ನು ಗುರುತಿಸಲು 'ಕ್ರಿಸ್ತನೆನಿಸಿದ ಯೇಸುವಿನ ಸೋದರ' ಎಂಬರ್ಥದಲ್ಲಿ ಬಳಸಿದ ವಿಶೇಷಣವನ್ನು ಮಾತ್ರ ಬಹುಪಾಲು ವಿದ್ವಾಂಸರು ಮೂಲದ್ದೆಂದು ಸ್ವೀಕರಿಸುತ್ತಾರೆ. ಒಬ್ಬನೇ ಲೇಖಕನ ಒಂದೇ ಗ್ರಂಥದ ಎರಡು ಭಾಗಗಳಿಗೆ ಎರಡು ಬಗೆಯ ತೀರ್ಪು ದೊರೆತಿರುವುದನ್ನು ಗಮನಿಸಬೇಕು. ದುಗ್ಗಳೆಯ ಎರಡು ವಚನಗಳನ್ನು ಓದುವಾಗ ಇದು ನೆರವಾಗುತ್ತದೆ.

ಸೋದರ ಎಂಬ ಪದವೇ ಮುಂದೆ ವಿವಾದದ ಕೇಂದ್ರವಾಯಿತು. ಮರಿಯಳು ನಿತ್ಯಕನ್ಯೆ ಎಂಬ ನಂಬಿಕೆ ಬೆಳೆದಂತೆ ಸೋದರರು ಮುಜುಗರದ ಸಂಗತಿಯಾದರು. ಎರಡನೆಯ ಶತಮಾನದ, ಯಾಕೋಬನ ಹೆಸರಿನಲ್ಲಿಯೇ ಇರುವ ಬಾಲ್ಯಕಥನವೊಂದು ಯೋಸೇಫನನ್ನು ಮಕ್ಕಳಿರುವ ವೃದ್ಧ ವಿಧುರನನ್ನಾಗಿ ಚಿತ್ರಿಸಿತು. ನಾಲ್ಕನೆಯ ಶತಮಾನದ ಎಪಿಫೇನಿಯಸನು ಇದನ್ನೇ ಸಮರ್ಥಿಸಿದ. ಮರಿಯಳಿಗೆ ಬೇರೆ ಮಕ್ಕಳಿದ್ದರೆಂದು ರೋಮಿನ ಹೆಲ್ವಿಡಿಯಸನು ವಾದಿಸಿದಾಗ, ಕ್ರಿ.ಶ. 383ರ ಸುಮಾರಿಗೆ ಜೆರೋಮನು ಉತ್ತರ ಬರೆದು, ಇವರು ಒಡಹುಟ್ಟಿದವರಲ್ಲ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಎಂದ. ಹೀಗೆ ಒಂದು ಪದಕ್ಕೆ ಮೂರು ಮನೆಗಳು ಸಿದ್ಧವಾದವು.

ಈ ಚರ್ಚೆ ಕನ್ನಡದಲ್ಲಿ ಪಡೆಯುವ ತಿರುವು ಬೇರೆಯದೇ. ಗ್ರೀಕಿನ ಪದಕ್ಕೆ ಹಿರಿಯ, ಕಿರಿಯ ಎಂಬ ಭೇದವಿಲ್ಲ. ಆಡುಗನ್ನಡದಲ್ಲಿ ಅಣ್ಣ ಅಥವಾ ತಮ್ಮ ಎನ್ನಲೇಬೇಕು. ಪ್ರಾಟೆಸ್ಟಂಟ್ ಸಂಪ್ರದಾಯದ ಕನ್ನಡ ಬೈಬಲ್ 'ತಮ್ಮಂದಿರು' ಎಂಬ ಪದವನ್ನು ಆರಿಸಿಕೊಂಡಿತು. ಹಾಗೆ ಆರಿಸಿಕೊಂಡ ಕ್ಷಣದಲ್ಲಿಯೇ ಎಪಿಫೇನಿಯಸನ ಪಕ್ಷ ಕನ್ನಡದಲ್ಲಿ ಬಿದ್ದುಹೋಯಿತು. ಯೋಸೇಫನ ಮೊದಲ ಹೆಂಡತಿಯ ಮಕ್ಕಳಾಗಿದ್ದರೆ ಅವರು ಅಣ್ಣಂದಿರಾಗಬೇಕಿತ್ತು. ಜೆರೋಮನ ಪಕ್ಷಕ್ಕಾದರೋ ಕನ್ನಡ ಬಾಗಿಲು ತೆರೆದೇ ಇದೆ. ಚಿಕ್ಕಮ್ಮನ ಮಗನೂ ಚಿಕ್ಕಪ್ಪನ ಮಗನೂ ಕನ್ನಡಿಗರಿಗೆ ತಮ್ಮನೇ ಆದ್ದರಿಂದ ಅವನು ಅಷ್ಟೊಂದು ಶ್ರಮಪಟ್ಟು ಸಾಧಿಸಬೇಕಾದದ್ದನ್ನು ಶಹಾಪುರದ ಸಂತೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಪೌಲೀಯ ಪತ್ರಗಳ ಗ್ರೀಕಿನಲ್ಲಿ ಜ್ಞಾತಿಸೋದರನಿಗೆ ಪ್ರತ್ಯೇಕ ಪದವೇ ಇದೆ; ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಬಾರ್ನಬನ ಸಂಬಂಧಿ ಮಾರ್ಕನಿಗೆ ಅದು ಬಳಕೆಯಾಗಿದೆ. ಯಾಕೋಬನಿಗೆ ಅದನ್ನು ಬಳಸಿಲ್ಲ.

ಯೇಸುವಿನ ಅಸ್ತಿತ್ವವನ್ನು ಅಲ್ಲಗಳೆಯುವವರು ಇಲ್ಲಿ ಇನ್ನೊಂದು ದಾರಿ ಹಿಡಿಯುತ್ತಾರೆ. 'ಸೋದರ' ಎಂಬುದು ರಕ್ತಸಂಬಂಧವಲ್ಲ, ಪಂಥದೊಳಗಿನ ಗೌರವಪದ ಎನ್ನುತ್ತಾರೆ. ವಚನ ಸಾಹಿತ್ಯದ ವಿದ್ಯಾರ್ಥಿಗೆ ಈ ವಾದ ಅಪರಿಚಿತವಲ್ಲ. ಮಹಾದೇವಿ ಯಾರ ಅಕ್ಕ? ಬಸವಣ್ಣ ಯಾರ ಅಣ್ಣ? ಶರಣ ಸಮುದಾಯವು ಬಂಧುವಾಚಕಗಳನ್ನು ಮನೆಯಿಂದ ಎತ್ತಿ ಮಹಾಮನೆಗೆ ತಂದಿತು. ಹುಟ್ಟಿದ ಕುಲವನ್ನು ಬಿಟ್ಟುಬಂದವರಿಗೆ ಅದೊಂದು ಹೊಸ ಕುಲ. ಹೀಗಾಗಿ ಸಮುದಾಯದ ಒಳಗೆ ಬಳಕೆಯಾದ 'ಅಣ್ಣ', 'ಅಕ್ಕ'ಗಳಿಂದ ವಂಶಾವಳಿಯನ್ನು ಕಟ್ಟಲಾಗದು. ಪೌಲನ ಮಾತು ಈ ಬಗೆಯದಲ್ಲವೆಂಬುದಕ್ಕೆ ಅವನಲ್ಲಿಯೇ ಸಾಕ್ಷ್ಯವಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅವನು 'ಕರ್ತನ ಸೋದರರು' ಮತ್ತು ಪೇತ್ರನನ್ನು ಬೇರೆ ಬೇರೆಯಾಗಿ ಎಣಿಸುತ್ತಾನೆ. ಗೌರವಪದವಾಗಿದ್ದರೆ ಪೇತ್ರನಿಗೆ ಅದು ಮೊದಲು ಸಲ್ಲಬೇಕಾಗಿತ್ತು.

ಗೌರವದ ಅಣ್ಣ ಮತ್ತು ರಕ್ತದ ಅಣ್ಣ ಎಂಬ ಈ ಭೇದ ಕನ್ನಡ ನಾಡಿನಲ್ಲಿಯೇ ಒಮ್ಮೆ ನಿರ್ಣಾಯಕವಾಗಿ ಪರಿಣಮಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆ. ಎಫ್. ಫ್ಲೀಟ್ ಅವರು ಅಬ್ಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸುತ್ತ, ಬಸವಣ್ಣನನ್ನು ಕುರಿತ ಪುರಾಣಗಳ ಹೇಳಿಕೆಗಳಿಗೆ ಶಾಸನಗಳ ಬೆಂಬಲವಿಲ್ಲವೆಂದೂ, ಶೈವ ಪುನರುತ್ಥಾನದ ನಿಜವಾದ ನಾಯಕತ್ವ ಏಕಾಂತದ ರಾಮಯ್ಯನಿಗೆ ಸಲ್ಲಬೇಕೆಂದೂ ಅಭಿಪ್ರಾಯಪಟ್ಟರು. ಬಿಜ್ಜಳನ ಕಾಲದ ಶಾಸನಗಳಲ್ಲಿ ಮಂತ್ರಿ ಬಸವಣ್ಣನು ಕಾಣಿಸದಿರುವುದು ಅವರ ಬಲ. ಅವರನ್ನು ದೂಷಿಸುವುದು ಸುಲಭ. ಆದರೆ ಶಾಸನಸ್ಥ ಆಧಾರವನ್ನು ಕೇಳಿದ್ದು ತಪ್ಪಲ್ಲ. ಮೌನವನ್ನು ಆಧಾರವೆಂದು ಓದಿದ್ದಷ್ಟೇ ತಪ್ಪು.

ಉತ್ತರ ಬಂದದ್ದು ಹುಕ್ಕೇರಿ ಸೀಮೆಯ ಅರ್ಜುನವಾಡದಿಂದ. ಯಾದವ ಕನ್ನರನ ಕಾಲದ, ಶಕ 1182ರ, ಎಂದರೆ ಕ್ರಿ.ಶ. 1260ರ ಈ ಶಾಸನವನ್ನು ಆರ್. ಎಸ್. ಪಂಚಮುಖಿ ಅವರು ಎಪಿಗ್ರಾಫಿಯಾ ಇಂಡಿಕಾದ ಇಪ್ಪತ್ತೊಂದನೆಯ ಸಂಪುಟದಲ್ಲಿ ಪ್ರಕಟಿಸಿದರು. ತರ್ದವಾಡಿ ನಾಡಿನ ಬಾಗವಾಡಿಯ ಮಾದಿರಾಜ, ಅವನ ಮಗ ಬಸವರಾಜ, ಸಂಗನಬಸವನ ಅಗ್ರಜ ದೇವರಾಜ ಮುನಿಪ, ಆ ದೇವರಾಜನ ಸಂತತಿಯ ಹಾಲಬಸವಿದೇವ ಎಂದು ವಂಶವನ್ನು ಅದು ಬಣ್ಣಿಸುತ್ತದೆ. ಶಾಸನದ ಉದ್ದೇಶ ಬಸವಣ್ಣನನ್ನು ಸ್ಥಾಪಿಸುವುದಲ್ಲ, ಹಾಲಬಸವಿದೇವನಿಗೆ ಸಂಬಂಧಿಸಿದ ದತ್ತಿಯನ್ನು ದಾಖಲಿಸುವುದು. ಬಸವಣ್ಣನು ಅಲ್ಲಿ ಬರುವುದು ಅವನ ವಂಶದ ಗೌರವವನ್ನು ಹೇಳಲು, ಜೋಸೆಫಸನಲ್ಲಿ ಯೇಸುವು ಯಾಕೋಬನ ಗುರುತಿಗಾಗಿ ಬರುವಂತೆ. ಹೆಚ್ಚು ಕುತೂಹಲದ ಸಂಗತಿಯೆಂದರೆ, ಈ ಅಣ್ಣ ಪುರಾಣಗಳಿಗೆ ಪರಿಚಿತನಲ್ಲ. ಪುರಾಣ ಪರಂಪರೆಯ ಬಸವಣ್ಣನಿಗೆ ಅಕ್ಕ ನಾಗಮ್ಮನಿದ್ದಾಳೆ, ಅಣ್ಣನಿಲ್ಲ. ಹರಿಹರನ ರಗಳೆಯಲ್ಲಿ ತಾಯ್ತಂದೆಗಳನ್ನು ಕಳೆದುಕೊಂಡು ಮುತ್ತಜ್ಜಿಯ ಆಶ್ರಯದಲ್ಲಿ ಬೆಳೆಯುವ ಬಾಲಕನಿದ್ದಾನೆ. ಪುರಾಣಕ್ಕೆ ಬೇಡವಾದ, ಬಹುಶಃ ತೊಡಕೂ ಆದ ಅಣ್ಣನೊಬ್ಬ ಕಲ್ಲಿನಲ್ಲಿ ಉಳಿದು ತಮ್ಮನಿಗೆ ಸಾಕ್ಷಿಯಾದ. 'ಅಗ್ರಜ' ಎಂಬ ಪದ ವಂಶಾವಳಿಯ ನಡುವೆ ಬಂದಿರುವುದರಿಂದ ಅದನ್ನು ಗೌರವಪದವೆನ್ನಲು ಅವಕಾಶವೂ ಇಲ್ಲ.

ಹೀಗಿದ್ದೂ ಶರಣರ ಕುಟುಂಬಗಳನ್ನು ಕುರಿತ ಅಧ್ಯಯನದಲ್ಲಿ ಹಿಂಜರಿಕೆ ಎದ್ದು ಕಾಣುತ್ತದೆ. ಅದಕ್ಕೆ ಕಾರಣ ಎಲ್ಲರಿಗೂ ಗೊತ್ತು. 1989ರಲ್ಲಿ 'ಮಾರ್ಗ' ಸಂಪುಟದ ಕೆಲವು ಲೇಖನಗಳಲ್ಲಿ ಬಸವಣ್ಣನ ಕುಟುಂಬಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಎತ್ತಿದ ಎಂ. ಎಂ. ಕಲಬುರ್ಗಿ ಅವರು ತೀವ್ರ ವಿರೋಧದ ನಡುವೆ ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅನಂತರದ ತಲೆಮಾರಿನ ಸಂಶೋಧನಾರ್ಥಿಗಳು ಇದರಿಂದ ಕಲಿತ ಪ್ರಾಯೋಗಿಕ ಪಾಠವೆಂದರೆ ಶರಣರ ತತ್ತ್ವದ ಬಗೆಗೆ ಏನನ್ನಾದರೂ ಬರೆಯಬಹುದು, ಅವರ ಮನೆಯ ಬಗೆಗೆ ಪುರಾಣದಲ್ಲಿದ್ದುದನ್ನು ಮಾತ್ರ ಬರೆಯಬೇಕು ಎಂಬುದು. 'ಕಾಲ, ದೇಶ, ಮಾತಾಪಿತೃಗಳು' ಎಂಬ ಶೀರ್ಷಿಕೆಯ ಮೊದಲ ಅಧ್ಯಾಯ ಎಲ್ಲ ಪ್ರಬಂಧಗಳಲ್ಲಿಯೂ ಇದೆ. ಮಾರ್ಗದರ್ಶಕರು ಅದನ್ನು ಬೇಗ ಮುಗಿಸಿ ಮುಂದೆ ಹೋಗಲು ಸೂಚಿಸುತ್ತಾರೆ. ಬೇಗ ಮುಗಿಯುವುದು ಹಿಂದಿನ ಪ್ರಬಂಧದಿಂದ ಎತ್ತಿಕೊಂಡಾಗ ಮಾತ್ರ.

ಬಂಧುಗಳ ಸಾಕ್ಷ್ಯವೆಲ್ಲವೂ ಶುದ್ಧವೆಂದು ಭಾವಿಸುವಂತಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೋಸೇಫನ ತಂದೆ ಯಾಕೋಬ, ಲೂಕನ ಸುವಾರ್ತೆಯಲ್ಲಿ ಹೇಲಿ. ಎರಡನ್ನೂ ಹೊಂದಿಸಲು ಮೂರನೆಯ ಶತಮಾನದ ಆಫ್ರಿಕಾನಸನು ನಿಯೋಗಕ್ಕೆ ಹತ್ತಿರವಾದ ಪದ್ಧತಿಯೊಂದನ್ನು ಮುಂದೆ ತಂದ. ಹೊಂದದ ವಂಶಾವಳಿಗಳನ್ನು ಹೊಂದಿಸುವ ಈ ಜಾಣ್ಮೆ ಕನ್ನಡ ಸಂಶೋಧಕರಿಗೂ ಅಪರಿಚಿತವಲ್ಲ. ಯಾಕೋಬನ ಅಸ್ಥಿಪೆಟ್ಟಿಗೆ ಎಂದು 2002ರಲ್ಲಿ ಪ್ರಕಟಗೊಂಡು ಲೋಕವನ್ನೇ ಬೆರಗುಗೊಳಿಸಿದ ಬರಹದ ಮೇಲೆ ನಕಲಿಯ ಆರೋಪ ಬಂದು, ಇಸ್ರೇಲಿನ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 2012ರಲ್ಲಿ ಆ ಆರೋಪ ಸಾಬೀತಾಗಲಿಲ್ಲ, ಬರಹದ ಸಾಚಾತನವೂ ನಿರ್ಣಯವಾಗಲಿಲ್ಲ. ಕೂಟ ಶಾಸನಗಳನ್ನು ಕಂಡ ನಾಡಿಗೆ ಇದರ ವಿವರಣೆ ಬೇಕಿಲ್ಲ.

ದುಗ್ಗಳೆಯ ವಚನಗಳ ಮೇಲೂ ಗಂಭೀರವಾದ ಸಂಶಯಗಳಿಗೆ ಎಡೆಯಿದೆ. ಬಸವಣ್ಣನಿಂದ ಇದು, ಚೆನ್ನಬಸವಣ್ಣನಿಂದ ಅದು ಎಂದು ಹೆಸರುಗಳನ್ನು ಜೋಡಿಸುವ ಮಾದರಿ ಹಲವು ವಚನಕಾರರಲ್ಲಿ ಬರುವ ಸಿದ್ಧ ಮಾದರಿ. ಮರುಳಶಂಕರದೇವನು ಬಸವಣ್ಣನ ಮಹಾಮನೆಯಲ್ಲಿ ಅಜ್ಞಾತನಾಗಿದ್ದು ಪ್ರಭುದೇವನಿಂದ ಬೆಳಕಿಗೆ ಬಂದ ಪ್ರಸಂಗ ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಮೈದುಂಬಿಕೊಂಡಿದೆ. ವಚನಗಳ ಕಟ್ಟುಗಳು ಸಂಕಲನಗೊಂಡದ್ದೂ ಬಹುಮಟ್ಟಿಗೆ ಆ ಶತಮಾನ ಮತ್ತು ಅನಂತರದ ಕೆಲಸವೇ. ಇನ್ನೊಂದು ವಚನದಲ್ಲಿ ಬಸವಾದಿಗಳು ಆಗಲೇ ಆದರ್ಶಗಳಾಗಿ ನೆಲೆಗೊಂಡಿದ್ದಾರೆ. ಅಲ್ಲಿರುವುದು ಒಡನಾಡಿಯ ಧ್ವನಿಗಿಂತ ದೂರದಿಂದ ಕಂಡವರ ಧ್ವನಿ ಎನ್ನುವವರಿಗೆ ಉತ್ತರ ಹೇಳುವುದು ಸುಲಭವಲ್ಲ. ಆದರೆ ತತ್ತ್ವದ ಮಾತು ತನಗೇಕೆ ಎಂದು ಅದೇ ವಚನ ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ರೀತಿ ಸಂಕಲನಕಾರನ ಬುದ್ಧಿಯಿಂದ ಬಂದುದಾಗಿ ತೋರುವುದಿಲ್ಲ. ಮೊದಲ ವಚನವನ್ನು ಶಂಕೆಯ ಪಟ್ಟಿಯಲ್ಲಿಟ್ಟು ಎರಡನೆಯದನ್ನು ಉಳಿಸಿಕೊಳ್ಳುವುದು ಹೆಚ್ಚು ಸಮಂಜಸ. ಉಳಿದ ಆ ಒಂದೇ ವಚನವೂ ಹನ್ನೆರಡನೆಯ ಶತಮಾನದ ಕಡೆಗೇ ಬೆರಳು ತೋರುತ್ತದೆ.

ಆಕೆಯ ಅಂಕಿತವೂ ಒಂದು ದಾಖಲೆ ಎಂಬುದನ್ನು ಮರೆಯಲಾಗದು. ಗಂಡನ ಅಂಕಿತ ರಾಮನಾಥ. ಅದರ ಹಿಂದೆ ಗಂಡನ ಹೆಸರನ್ನು ಸೇರಿಸಿ 'ದಾಸಯ್ಯಪ್ರಿಯ ರಾಮನಾಥ' ಎಂದು ಆಕೆ ಹೇಳುತ್ತಾಳೆ. ಮುದನೂರಿನಿಂದ ಬಹಳ ದೂರವಲ್ಲದ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ', ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಹಡಪದ ಅಪ್ಪಣ್ಣನ ಪತ್ನಿ ಲಿಂಗಮ್ಮನದು 'ಅಪ್ಪಣ್ಣಪ್ರಿಯ ಚೆನ್ನಬಸವಣ್ಣ'. ಇದು ಆ ಸ್ತ್ರೀಯರೇ ರೂಢಿಸಿಕೊಂಡ ಪದ್ಧತಿಯೋ, ಮುಂದಿನ ಸಂಕಲನಕಾರರು ವಚನಗಳನ್ನು ಗುರುತಿಸಲು ಕಟ್ಟಿಕೊಂಡ ಪಟ್ಟಿಯೋ ಎಂಬುದು ವಿಚಾರಾರ್ಹ. ಪದ್ಧತಿಯೇ ಆಗಿದ್ದ ಪಕ್ಷದಲ್ಲಿ ಇದು ಕಲ್ಯಾಣದ ಶರಣೆಯರ ಪದ್ಧತಿ. ಲಕ್ಕಮ್ಮ, ಲಿಂಗಮ್ಮರಿಬ್ಬರೂ ಬಸವಣ್ಣನ ಕಾಲದವರು. ಅವರಿಗಿಂತ ಒಂದು ಶತಮಾನ ಮೊದಲು ಮುದನೂರಿನ ನೇಕಾರನ ಪತ್ನಿಯೊಬ್ಬಳು ಇದೇ ಅಚ್ಚಿನಲ್ಲಿ ಅಂಕಿತವನ್ನು ರೂಪಿಸಿಕೊಂಡಳೆನ್ನುವುದು ಅಸಾಧ್ಯವಲ್ಲದಿದ್ದರೂ ಹಾಗೆ ಹೇಳುವವರು ಅದನ್ನು ಸಾಧಿಸಿ ತೋರಿಸಬೇಕಾಗುತ್ತದೆ. ಅದಕ್ಕಿಂತ ಜೇಡರ ದಾಸಿಮಯ್ಯನನ್ನು ಬಸವಣ್ಣನಿಗಿಂತ ಹಿರಿಯನಾದ, ಆದರೆ ಅವನ ಪತ್ನಿ ಕಲ್ಯಾಣದ ದಿನಗಳನ್ನು ಕಾಣುವಷ್ಟು ಸಮೀಪನಾದ ವ್ಯಕ್ತಿಯೆಂದು ಇಟ್ಟುಕೊಂಡು, ಸುಗ್ಗಲೆಯ ಗುರುವನ್ನು ಬೇರೆಯವನೆಂದು ಬಿಡುವುದು ಉಪಲಬ್ಧ ಆಕರಗಳಿಗೆ ಹೆಚ್ಚು ಹೊಂದುತ್ತದೆ. ಬಸವಣ್ಣನು ನೆನೆದ ತವನಿಧಿಯ ಐತಿಹ್ಯಕ್ಕೆ ನೂರು ವರ್ಷಗಳ ಅಗತ್ಯವಿಲ್ಲ. ಯೇಸುವಿನ ಐತಿಹ್ಯಗಳು ಅವನ ಸೋದರ ಬದುಕಿರುವಾಗಲೇ ಪೌಲನ ಪತ್ರಗಳಲ್ಲಿ ಮೂಡತೊಡಗಿದ್ದವು.

'ಆದ್ಯ ವಚನಕಾರ' ಎಂಬ ಬಿರುದಿಗೆ ಇದರಿಂದ ಕುಂದು ಬರುವುದಿಲ್ಲ. ಬಸವಣ್ಣನಿಗಿಂತ ಹಿರಿಯನೆಂಬುದು ಉಳಿದೇ ಉಳಿಯುತ್ತದೆ. ಹೋಗುವುದು ರಾಜಗುರುವಿನ ಪಟ್ಟ ಮಾತ್ರ. ಮಗ್ಗದ ಕೆಲಸವನ್ನೇ ಕಾಯಕವಾಗಿಸಿಕೊಂಡವನಿಗೆ ಆ ಪಟ್ಟವನ್ನು ಕಟ್ಟಿದವರು ಪುರಾಣಕಾರರು. ರೋಮಿನ ಚಕ್ರವರ್ತಿ ಡೊಮಿಷಿಯನ್ನನ ಎದುರು ಯೂದನ ಮೊಮ್ಮಕ್ಕಳನ್ನು ದಾವೀದನ ರಾಜವಂಶದವರೆಂದು ನಿಲ್ಲಿಸಿದಾಗ, ಅವರು ತಮಗಿದ್ದ ಮೂವತ್ತೊಂಬತ್ತು ಪ್ಲೆತ್ರ ಹೊಲದ ಲೆಕ್ಕ ಹೇಳಿ, ದುಡಿದು ಜಡ್ಡುಗಟ್ಟಿದ ತಮ್ಮ ಅಂಗೈಗಳನ್ನು ತೋರಿಸಿದರೆಂದು ಎರಡನೆಯ ಶತಮಾನದ ಹೆಗೆಸಿಪ್ಪಸನು ಬರೆದುದನ್ನು ಯೂಸೀಬಿಯಸನು ಉದ್ಧರಿಸಿದ್ದಾನೆ. ರಾಜವಂಶದ ಮಾತನ್ನು ಅನುಮಾನಿಸುವವರು ಸಹ ಆ ಅಂಗೈಗಳನ್ನು ಅಷ್ಟು ಬೇಗ ಅನುಮಾನಿಸಲಾರರು.

ಶಿವಶರಣೆಯರ ವಚನ ಸಂಪುಟದಲ್ಲಿ ದುಗ್ಗಳೆಯ ಎರಡೂ ವಚನಗಳು ಅಚ್ಚಾಗಿವೆ. ಇನ್ನು ಆಗಬೇಕಾದ ಕೆಲಸ ಅವುಗಳ ಹಿಂದಿನ ತಾಳೆಗರಿಗಳದು. ಯಾವ ಕಟ್ಟಿನಲ್ಲಿ ಯಾವ ವಚನ ಬಂದಿದೆ, ಎರಡೂ ಒಟ್ಟಿಗೆ ಬಂದಿವೆಯೇ, ಯಾವ ಪ್ರತಿಯಲ್ಲಾದರೂ ನಾಲ್ವರ ಬದಲು ಮೂವರ ಹೆಸರಿದೆಯೇ, ಅಂಕಿತ ಎಲ್ಲಿಯಾದರೂ ಬರಿಯ 'ರಾಮನಾಥ' ಎಂದು ಉಳಿದಿದೆಯೇ, ಆಗ ಅದೇ ವಚನ ಗಂಡನ ಲೆಕ್ಕಕ್ಕೆ ಸೇರಿಹೋಗಿದೆಯೇ ಎಂಬುದನ್ನೆಲ್ಲ ಹಸ್ತಪ್ರತಿ ಸಂಗ್ರಹವಿರುವ ವಿಭಾಗವೊಂದು ಒಬ್ಬ ಎಂ.ಫಿಲ್. ಮಟ್ಟದ ವಿದ್ಯಾರ್ಥಿಯ ಶ್ರಮದಿಂದ ಪರಿಶೀಲಿಸಬಹುದು. ಅಲ್ಲಿಯವರೆಗೆ ದಾಸಿಮಯ್ಯನನ್ನು 1040ರ ಸುಮಾರಿನವನೆಂದು ಬರೆಯುವ ಪಠ್ಯಪುಸ್ತಕವು ಅದೇ ಪುಟದಲ್ಲಿ ದುಗ್ಗಳೆಯನ್ನು ವಚನಕಾರ್ತಿಯೆಂದು ಬರೆಯಬಾರದು. ಬರೆದರೆ ಆಕೆ ಯಾವ ಬಸವಣ್ಣನನ್ನು ಹೆಸರಿಸಿದಳೆಂಬುದನ್ನು ಅಡಿಟಿಪ್ಪಣಿಯಲ್ಲಾದರೂ ತಿಳಿಸಬೇಕು.